ಪದ ಪರಿಚಯ: ಕಣ್ಣಿಗೆ ರಾಚುವ ಅಕ್ರಮ ಆದೇಶ

ಮೇಲಧಿಕಾರಿ ಕೊಟ್ಟ ಆದೇಶವು ಅಪರಾಧವೆಂಬುದು ಸಾಮಾನ್ಯ ತಿಳಿವಳಿಕೆಯ ಯಾವ ಸೈನಿಕನಿಗಾದರೂ, ಕಾನೂನಿನ ಪುಸ್ತಕ ತೆರೆದು ನೋಡದೆಯೇ, ಕೇಳಿದ ಕೂಡಲೇ ಗೊತ್ತಾಗುವಂತಿದ್ದರೆ ಅದು ಕಣ್ಣಿಗೆ ರಾಚುವ ಅಕ್ರಮ ಆದೇಶ. ಶರಣಾದವರನ್ನು ಕೊಲ್ಲಬೇಕು, ಸೆರೆಯಾಳಿಗೆ ಚಿತ್ರಹಿಂಸೆ ಕೊಡಬೇಕು, ನಿರಾಯುಧ ಹೆಂಗಸರು ಮಕ್ಕಳ ಮೇಲೆ ಗುಂಡು ಹಾರಿಸಬೇಕು ಎಂಬಂಥ ಆದೇಶಗಳು ಇದರ ನೇರ ಉದಾಹರಣೆಗಳು. ಇವುಗಳನ್ನು ಪಾಲಿಸದಿರಲು ಸೈನಿಕನಿಗೆ ಅವಕಾಶವಿದೆ ಎಂದಷ್ಟೇ ಹೇಳಿ ಈ ಪರಿಕಲ್ಪನೆ ಸುಮ್ಮನಾಗುವುದಿಲ್ಲ. ಪಾಲಿಸದಿರುವುದು ಅವನ ಕರ್ತವ್ಯ, ಪಾಲಿಸಿದ ಮೇಲೆ ‘ಮೇಲಿನವರು ಹೇಳಿದರು, ಮಾಡಿದೆ’ ಎಂಬ ಸಮಜಾಯಿಷಿ ಅವನನ್ನು ಕಾಪಾಡದು ಎಂಬುದು ಅದರ ತಿರುಳು.

ಸೇನೆಯಂಥ ಸಂಸ್ಥೆಯಲ್ಲಿ ಇಂಥ ಮಾತಿಗೆ ಎಡೆಯಿರುವುದೇ ಒಂದು ವಿಶೇಷ. ಗುಂಡಿನ ಸುರಿಮಳೆಯ ನಡುವೆ ಪ್ರತಿಯೊಂದು ಆದೇಶವನ್ನೂ ಚರ್ಚೆಗೆ ಎತ್ತಿಕೊಳ್ಳುವ ತುಕಡಿ ಬದುಕಿ ಉಳಿಯುವುದಿಲ್ಲ. ಆದ್ದರಿಂದಲೇ ಆದೇಶ ಬಂದಾಗ ಅದು ಕಾನೂನುಬದ್ಧವೆಂದೇ ಭಾವಿಸಿ ನಡೆಯುವುದು ಎಲ್ಲ ಸೇನೆಗಳ ರೂಢಿ. ಆದರೆ ಅವಿಧೇಯತೆಯನ್ನು ಶಿಕ್ಷಿಸುವ ಕಾನೂನುಗಳನ್ನು ಗಮನವಿಟ್ಟು ಓದಿದರೆ, ಅವು ‘ಆದೇಶ’ವನ್ನು ಮೀರಿದವನನ್ನಲ್ಲ, ‘ಕಾನೂನುಬದ್ಧ ಆದೇಶ’ವನ್ನು ಮೀರಿದವನನ್ನು ಶಿಕ್ಷಿಸುತ್ತವೆ ಎಂಬುದು ಕಾಣುತ್ತದೆ. ಭಾರತದ 1950ರ ಸೇನಾ ಕಾಯಿದೆಯ 41ನೆಯ ಕಲಮಿನಲ್ಲಿ ಈ ವಿಶೇಷಣವಿದೆ, ಅಮೆರಿಕದ ಸೇನಾ ನ್ಯಾಯ ಸಂಹಿತೆಯಲ್ಲೂ ಇದೆ. ಜರ್ಮನಿಯ 1956ರ ಸೈನಿಕ ಕಾಯಿದೆ ಇನ್ನೂ ಬಿಡಿಸಿ ಹೇಳುತ್ತದೆ: ಮನುಷ್ಯನ ಘನತೆಗೆ ಕುಂದು ತರುವ ಆದೇಶವನ್ನು ಪಾಲಿಸದಿದ್ದರೆ ಅದು ಅವಿಧೇಯತೆಯಲ್ಲ, ಪಾಲಿಸಿದರೆ ಅಪರಾಧ ಎಸಗಿದಂತಾಗುವ ಆದೇಶವನ್ನಂತೂ ಪಾಲಿಸಲೇಕೂಡದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಯುದ್ಧವೇ ಅನವಶ್ಯಕ ಎನಿಸಿದ್ದಕ್ಕೋ, ಅಧಿಕಾರಿಯ ತಂತ್ರ ಮೂರ್ಖತನದ್ದು ಎನಿಸಿದ್ದಕ್ಕೋ, ಸಾವಿನ ಅಪಾಯ ಹೆಚ್ಚೆಂಬ ಕಾರಣಕ್ಕೋ ಆದೇಶವನ್ನು ಧಿಕ್ಕರಿಸುವುದಕ್ಕೆ ಈ ಪರಿಕಲ್ಪನೆಯಲ್ಲಿ ಆಸರೆಯಿಲ್ಲ. ಅನುಮಾನ ಹುಟ್ಟಿಸುವ ಆದೇಶ ಬೇರೆ, ಅನುಮಾನಕ್ಕೆ ಆಸ್ಪದವೇ ಇಲ್ಲದಷ್ಟು ಅಕ್ರಮವಾದ ಆದೇಶ ಬೇರೆ. ಎರಡನೆಯದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ.

ಈ ಗೆರೆಯನ್ನು ಅತ್ಯಂತ ಸ್ಪಷ್ಟವಾಗಿ ಎಳೆದ ತೀರ್ಪು ಹುಟ್ಟಿದ್ದು ಇಸ್ರೇಲಿನ ಕಫ್ರ್ ಕಾಸಿಂ ಪ್ರಕರಣದಲ್ಲಿ. 1956ರ ಅಕ್ಟೋಬರ್ 29ರಂದು, ಈಜಿಪ್ಟಿನ ವಿರುದ್ಧ ಸಿನಾಯ್ ಯುದ್ಧ ಆರಂಭವಾದ ದಿನವೇ, ಜೋರ್ಡಾನ್ ಗಡಿಯ ಅರಬ್ ಹಳ್ಳಿಗಳಲ್ಲಿ ಸಂಜೆ 5 ಗಂಟೆಯಿಂದ ಕರ್ಫ್ಯೂ ಎಂದು ಬ್ರಿಗೇಡಿನ ಮುಖ್ಯಸ್ಥ ಇಸ್ಸಾಖರ್ ಶದ್ಮಿ ನಿರ್ಧರಿಸಿದ. ಕಫ್ರ್ ಕಾಸಿಂನ ಮುಖಂಡನಿಗೆ ಸುದ್ದಿ ಮುಟ್ಟಿದ್ದು ಸಂಜೆ ನಾಲ್ಕೂವರೆಗೆ. ಊರಿನ ನೂರಾರು ಜನ ಹೊಲಗದ್ದೆಗಳಿಗೆ, ದೂರದ ಕೆಲಸಗಳಿಗೆ ಹೋಗಿದ್ದಾರೆ, ಅರ್ಧ ಗಂಟೆಯಲ್ಲಿ ಅವರಿಗೆ ತಿಳಿಸುವುದು ಸಾಧ್ಯವಿಲ್ಲ ಎಂದು ಆತ ಹೇಳಿದಾಗ, ಹಿಂತಿರುಗುವವರನ್ನು ಬಿಡಲಾಗುವುದು ಎಂದು ಸುದ್ದಿ ತಂದ ಸಾರ್ಜೆಂಟ್ ಭರವಸೆ ಕೊಟ್ಟ. ಆದರೆ ಅಷ್ಟರಲ್ಲಾಗಲೇ ಮೇಲಿನ ಮಟ್ಟದಲ್ಲಿ ಬೇರೆಯದೇ ಮಾತುಕತೆ ನಡೆದಿತ್ತು. ಕರ್ಫ್ಯೂ ವಿಷಯ ತಿಳಿಯದೆ ಕೆಲಸದಿಂದ ಮನೆಗೆ ಬರುವವರ ಗತಿ ಏನು ಎಂದು ಗಡಿ ಪೊಲೀಸ್ ಪಡೆಯ ಅಧಿಕಾರಿ ಮೇಜರ್ ಮೆಲಿಂಕಿ ಕೇಳಿದ್ದಕ್ಕೆ, ಶದ್ಮಿ ಅರಬ್ಬಿಯಲ್ಲಿ ‘ಅಲ್ಲಾಹ್ ಯರ್ಹಮು’ (ದೇವರು ಅವನಿಗೆ ಕರುಣೆ ತೋರಲಿ) ಎಂದು ಉತ್ತರಿಸಿದ್ದಾಗಿ ಮೆಲಿಂಕಿ ನ್ಯಾಯಾಲಯದಲ್ಲಿ ಹೇಳಿದ. ಶದ್ಮಿ ಅದನ್ನು ಅಲ್ಲಗಳೆದ. ಆ ಅರಬ್ಬಿ ನುಡಿ ಸತ್ತವರಿಗೆ ಹೇಳುವ ಮಾತು. ಆ ಸಂಜೆ ಸೈಕಲ್ಲಿನಲ್ಲಿ, ಗಾಡಿಗಳಲ್ಲಿ, ಲಾರಿಗಳಲ್ಲಿ ಊರಿಗೆ ಮರಳುತ್ತಿದ್ದ ಸುಮಾರು 50 ಮಂದಿಯನ್ನು ಊರಬಾಗಿಲಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ ಹತ್ಯೆಗಿಂತಲೂ ಹತ್ಯೆ ನಡೆಯದ ಕಡೆಗಳಿಗೆ ಸೇರಿದ್ದು. ಅದೇ ಆದೇಶ ಸುತ್ತಲಿನ ಹಲವು ಹಳ್ಳಿಗಳಿಗೂ ಹೋಗಿತ್ತು. ಅಲ್ಲಿನ ಕಿರಿಯ ಅಧಿಕಾರಿಗಳು ಮರಳಿ ಬಂದವರನ್ನು ಮನೆ ಸೇರಲು ಬಿಟ್ಟರು. ತಾವು ದಂಗೆ ಎದ್ದಿದ್ದೇವೆ ಎಂದು ಘೋಷಿಸಲಿಲ್ಲ, ದೊಡ್ಡ ಮಾತುಗಳನ್ನೂ ಆಡಲಿಲ್ಲ, ಸುಮ್ಮನೆ ಗುಂಡು ಹಾರಿಸಲಿಲ್ಲ. ಒಂದೇ ಆದೇಶ, ಒಂದೇ ಸಂಜೆ, ಒಂದೇ ಪಡೆ. ಆದರೂ ಒಂದು ಊರಿನ ಜನ ಸತ್ತರು, ಇನ್ನೊಂದು ಊರಿನ ಜನ ಬದುಕಿದರು. ನಡುವೆ ಇದ್ದದ್ದು ತುಕಡಿಯ ನಾಯಕನ ವಿವೇಕ ಮಾತ್ರ.

1958ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ಬೆಂಜಮಿನ್ ಹಲೇವಿ, ಇಂಥ ಆದೇಶದ ನೆತ್ತಿಯ ಮೇಲೆ ‘ನಿಷಿದ್ಧ’ ಎಂದು ಎಚ್ಚರಿಸುವ ಕಪ್ಪು ಬಾವುಟ ಹಾರುತ್ತಿರುತ್ತದೆ ಎಂದರು. ವಕೀಲರಿಗಷ್ಟೇ ಕಾಣುವ ಕಾನೂನಿನ ಲೋಪವಲ್ಲ, ಕುರುಡಾಗದ ಕಣ್ಣಿಗೆ ಚುಚ್ಚುವ, ಕಲ್ಲಾಗದ ಎದೆಗೆ ಹೇಸಿಗೆ ಹುಟ್ಟಿಸುವ ಅಕ್ರಮವೇ ಅದರ ಗುರುತು ಎಂಬುದು ಅವರ ವಿವರಣೆಯ ಸಾರ. ಮಾತು ಉಜ್ವಲವಾಗಿತ್ತು, ಫಲ ಅಷ್ಟಾಗಿರಲಿಲ್ಲ. ಮೆಲಿಂಕಿಗೆ 17 ವರ್ಷಗಳ ಶಿಕ್ಷೆಯಾದರೂ 1960ರ ವೇಳೆಗೆ ಶಿಕ್ಷೆಗೊಳಗಾದವರೆಲ್ಲ ಹೊರಬಂದಿದ್ದರು. ಬೇರೆ ವಿಚಾರಣೆ ಎದುರಿಸಿದ ಶದ್ಮಿಗೆ ಆದದ್ದು 10 ಪ್ರೂಟಾ, ಅಂದರೆ ಪುಡಿಗಾಸಿನ ದಂಡ.

ತೀರ್ಪು ಹೊಸದಾದರೂ ವಿಚಾರ ಹೊಸದಾಗಿರಲಿಲ್ಲ. 1918ರ ಜೂನ್ 27ರಂದು ಜರ್ಮನ್ ಜಲಾಂತರ್ಗಾಮಿಯೊಂದು ‘ಲ್ಯಾಂಡೊವರಿ ಕ್ಯಾಸಲ್’ ಎಂಬ ಆಸ್ಪತ್ರೆ ಹಡಗನ್ನು ಮುಳುಗಿಸಿ, ಬಳಿಕ ಬದುಕುಳಿದವರಿದ್ದ ದೋಣಿಗಳ ಮೇಲೂ ಗುಂಡು ಹಾರಿಸಿತ್ತು. 1921ರಲ್ಲಿ ಲೈಪ್ಜಿಗ್‌ನ ಜರ್ಮನ್ ನ್ಯಾಯಾಲಯವೇ, ದೋಣಿಯಲ್ಲಿರುವ ಅಸಹಾಯಕರನ್ನು ಕೊಲ್ಲುವುದು ಅಪರಾಧವೆಂಬುದು ಯಾರಿಗಾದರೂ ಗೊತ್ತಿರುವ ಸಂಗತಿ ಎಂದು ಹೇಳಿ, ಕಮಾಂಡರನ ಆದೇಶದ ನೆಪವನ್ನು ತಳ್ಳಿಹಾಕಿ ಇಬ್ಬರು ಲೆಫ್ಟಿನೆಂಟುಗಳಿಗೆ ತಲಾ 4 ವರ್ಷಗಳ ಸೆರೆಮನೆ ವಿಧಿಸಿತು. ಎರಡನೆಯ ಮಹಾಯುದ್ಧದ ನಂತರ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ಸನ್ನದು ಮೇಲಿನವರ ಆದೇಶವನ್ನು ಶಿಕ್ಷೆ ತಗ್ಗಿಸಲು ಪರಿಗಣಿಸಬಹುದೇ ಹೊರತು ಹೊಣೆಯಿಂದ ಬಿಡುಗಡೆಗೊಳಿಸಲು ಅಲ್ಲ ಎಂದಿತು. ಅದನ್ನು 1950ರಲ್ಲಿ ತತ್ತ್ವಗಳ ರೂಪಕ್ಕೆ ಇಳಿಸಿದಾಗ ಒಂದು ಷರತ್ತು ಸೇರಿತು: ನೈತಿಕ ಆಯ್ಕೆಯೊಂದು ಆ ವ್ಯಕ್ತಿಗೆ ನಿಜಕ್ಕೂ ಸಾಧ್ಯವಿದ್ದಿರಬೇಕು.

ಈ ಷರತ್ತು ಎಷ್ಟು ತೊಡಕಿನದೆಂಬುದನ್ನು ಬೋಸ್ನಿಯಾದ ಸರ್ಬ್ ಸೇನೆಯ ಸೈನಿಕ ಡ್ರಾಝೆನ್ ಎರ್ಡೆಮೋವಿಚ್‌ನ ಪ್ರಕರಣ ತೋರಿಸುತ್ತದೆ. 1995ರ ಜುಲೈ 16ರಂದು, ಸ್ರೆಬ್ರೆನಿತ್ಸಾ ಹತ್ಯಾಕಾಂಡದ ಭಾಗವಾಗಿ, ಬೋಸ್ನಿಯಾದ ಒಂದು ತೋಟದಲ್ಲಿ ಬಸ್ಸುಗಳಲ್ಲಿ ತಂದಿಳಿಸಿದ ಮುಸ್ಲಿಂ ಸೆರೆಯಾಳುಗಳನ್ನು ಕೊಲ್ಲಲು ಅವನ ತುಕಡಿಗೆ ಹೇಳಲಾಯಿತು. ಅವನು ಒಲ್ಲೆನೆಂದ. ಅವರ ಮೇಲೆ ಅಷ್ಟು ಕನಿಕರವಿದ್ದರೆ ನೀನೂ ಅವರ ಸಾಲಿನಲ್ಲಿ ನಿಲ್ಲು ಎಂಬ ಉತ್ತರ ಬಂತು. ಅವನು ಗುಂಡು ಹಾರಿಸಿದ, ಮುಂದೆ ತಾನಾಗಿಯೇ ಎಲ್ಲವನ್ನೂ ಹೇಳಿಕೊಂಡ. ಆದೇಶದ ಅಕ್ರಮವು ಅವನಿಗೆ ಸ್ಪಷ್ಟವಾಗಿಯೇ ಕಂಡಿತ್ತು, ಇಲ್ಲದ್ದು ದಾರಿ. 1997ರಲ್ಲಿ ಯುಗೊಸ್ಲಾವಿಯಾ ಕುರಿತ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮೇಲ್ಮನವಿ ಪೀಠ, ಪ್ರಾಣಬೆದರಿಕೆಯಿದ್ದರೂ ನಿರಪರಾಧಿಗಳನ್ನು ಕೊಂದ ಸೈನಿಕನಿಗೆ ಅದು ಪೂರ್ಣ ರಕ್ಷಣೆಯಾಗದು ಎಂದು ಬಹುಮತದಿಂದ ಹೇಳಿತು. ಮೊದಲು ಕೊಟ್ಟ 10 ವರ್ಷಗಳ ಶಿಕ್ಷೆ ಕೊನೆಗೆ 5 ವರ್ಷಗಳಿಗೆ ಇಳಿಯಿತು. ಪೀಠದಲ್ಲೇ ಭಿನ್ನಮತವಿತ್ತು, ಇರುವುದು ಸಹಜವೂ ಹೌದು. ಹುತಾತ್ಮನಾಗಲಿಲ್ಲವೆಂದು ಒಬ್ಬನನ್ನು ಶಿಕ್ಷಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಗೆ ಆ ತೀರ್ಪು ಓದುಗನನ್ನು ಸಮಾಧಾನಪಡಿಸುವ ಉತ್ತರ ಕೊಡುವುದಿಲ್ಲ.

ಇಲ್ಲಿಯವರೆಗಿನ ಮಾತೆಲ್ಲ ಆದೇಶ ಪಡೆದವನ ಕುರಿತದ್ದು. ನಿಜವಾದ ಕಗ್ಗಂಟು ಇರುವುದು ಆದೇಶ ಕೊಡುವವನ ಬಳಿ, ಯಾಕೆಂದರೆ ‘ನಿರಪರಾಧಿಗಳನ್ನು ಕೊಲ್ಲಿ’ ಎಂದು ಬಾಯಿಬಿಟ್ಟು ಹೇಳುವ ಅಧಿಕಾರಿಗಳು ಕಡಿಮೆ. ಆದೇಶ ಅರ್ಧ ಮಾತಿನಲ್ಲಿ, ಹುಬ್ಬಿನ ಸನ್ನೆಯಲ್ಲಿ, ‘ನಿಮಗೇ ಗೊತ್ತಲ್ಲ’ ಎಂಬ ಧಾಟಿಯಲ್ಲಿ ಬರುತ್ತದೆ. ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡದ ಹಿಂದಿನ ಸಂಜೆ ಕ್ಯಾಪ್ಟನ್ ಅರ್ನೆಸ್ಟ್ ಮೆಡೀನಾ ತನ್ನ ಕಂಪನಿಗೆ ಮರುದಿನದ ಕಾರ್ಯಾಚರಣೆಯನ್ನು ವಿವರಿಸಿದ್ದ. ಹೆಂಗಸರು ಮಕ್ಕಳನ್ನೂ ಕೊಲ್ಲಬೇಕೆಂದು ಆತ ಹೇಳಿದನೆ ಎಂಬ ಪ್ರಶ್ನೆಗೆ ಅದೇ ಮಾತನ್ನು ಕೇಳಿದ ಸೈನಿಕರು ಒಂದೊಂದು ಬಗೆಯ ಸಾಕ್ಷ್ಯ ನುಡಿದರು. ಮೆಡೀನಾ ಖುಲಾಸೆಯಾದ, ಮೇಲಿನವರ ಆದೇಶ ಪಾಲಿಸಿದೆ ಎಂದ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 1971ರಲ್ಲಿ 22 ಕೊಲೆಗಳಿಗೆ ತಪ್ಪಿತಸ್ಥನಾದ. ತಾನು ಏನು ಹೇಳಿದೆ ಎಂಬುದರ ಬಗ್ಗೆ ಕೇಳಿಸಿಕೊಂಡವರಲ್ಲೇ ಒಮ್ಮತವಿರದಂತೆ ಮಾತಾಡುವ ಅಧಿಕಾರಿ, ಒಳ್ಳೆಯ ಉದ್ದೇಶವಿದ್ದವನಾದರೂ, ತನ್ನ ಕೆಲಸದಲ್ಲಿ ಸೋತವನೇ. ಆದೇಶವನ್ನು ಕೊಟ್ಟ ಮೇಲೆ ಅದನ್ನು ಕಿರಿಯನ ಬಾಯಿಂದ ಮರಳಿ ಹೇಳಿಸುವ ಪದ್ಧತಿ ಹಲವು ಸೇನೆಗಳಲ್ಲಿದೆ. ಅದನ್ನು ಬರೀ ಕವಾಯತು ಎಂದುಕೊಳ್ಳಬಾರದು; ಅರ್ಧ ಮಾತು ಪೂರ್ತಿಯಾಗುವುದು, ಬೇಡದ ಅರ್ಥ ಉದುರಿ ಹೋಗುವುದು ಅಲ್ಲಿಯೇ.

ಅದೇ ಮೈ ಲಾಯ್‌ನಲ್ಲಿ ಇನ್ನೊಂದು ಬಗೆಯ ನಾಯಕತ್ವವೂ ಇತ್ತು. ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನ ಪೈಲಟ್ ಹ್ಯೂ ಥಾಂಪ್ಸನ್, ಓಡುತ್ತಿದ್ದ ಹಳ್ಳಿಗರಿಗೂ ಅವರತ್ತ ಬರುತ್ತಿದ್ದ ತನ್ನದೇ ಸೇನೆಯ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ತಾನು ಹಳ್ಳಿಗರನ್ನು ಹೊರತರುವಾಗ ಅಮೆರಿಕನ್ನರು ಅವರ ಮೇಲೆ ಗುಂಡು ಹಾರಿಸಿದರೆ ನೀವು ಅಮೆರಿಕನ್ನರ ಮೇಲೆ ಹಾರಿಸಿ ಎಂದು ಜೊತೆಗಿದ್ದ ಲಾರೆನ್ಸ್ ಕೋಲ್ಬರ್ನ್, ಗ್ಲೆನ್ ಆಂಡ್ರಿಯೊಟಾ ಅವರಿಗೆ ಹೇಳಿದ. ಆಂಡ್ರಿಯೊಟಾ ಹೆಣಗಳು ತುಂಬಿದ್ದ ಕಾಲುವೆಗೆ ಇಳಿದು ಜೀವಂತವಿದ್ದ ಮಗುವೊಂದನ್ನು ಎತ್ತಿ ತಂದ. ಬಳಿಕ ಥಾಂಪ್ಸನ್ ನೆಲೆಗೆ ಹೋಗಿ ಮೇಲಧಿಕಾರಿಗಳಿಗೆ ದೂರು ಕೊಟ್ಟದ್ದು ಹತ್ಯೆ ನಿಲ್ಲಲು ಕಾರಣವಾಯಿತು. ಈ ಮೂವರಿಗೆ ಸೈನಿಕ ಪದಕ ಸಂದದ್ದು 1998ರಲ್ಲಿ, ಮೂವತ್ತು ವರ್ಷಗಳ ನಂತರ. ಅಷ್ಟರಲ್ಲಿ ಆಂಡ್ರಿಯೊಟಾ ಯುದ್ಧದಲ್ಲೇ ಮಡಿದು ದಶಕಗಳಾಗಿದ್ದವು. ನಿರಾಕರಿಸುವುದೆಂದರೆ ಕೈಕಟ್ಟಿ ನಿಲ್ಲುವುದಷ್ಟೇ ಅಲ್ಲ, ತಡೆಯುವುದು ಮತ್ತು ವರದಿ ಮಾಡುವುದೂ ಅದರೊಳಗೇ ಸೇರಿವೆ ಎಂಬುದಕ್ಕೆ ಸೇನಾ ತರಬೇತಿಯಲ್ಲಿ ಈ ಘಟನೆಯನ್ನೇ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ.

ಒಬ್ಬನ ನಿರಾಕರಣೆ ಇತರರ ಮೇಲೆ ಬೀರುವ ಪ್ರಭಾವಕ್ಕೆ ಪ್ರಯೋಗಶಾಲೆಯ ಆಧಾರವೂ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿದ ವಿಧೇಯತೆಯ ಪ್ರಯೋಗಗಳಲ್ಲಿ, ಪ್ರಯೋಗಕರ್ತನ ಸೂಚನೆಯಂತೆ ಕಾಣದ ವ್ಯಕ್ತಿಗೆ 450 ವೋಲ್ಟಿನ ವಿದ್ಯುತ್ ಆಘಾತದವರೆಗೂ (ಆಘಾತ ನಿಜವಾದದ್ದಲ್ಲ, ಕೊಟ್ಟವರಿಗೆ ಅದು ತಿಳಿದಿರಲಿಲ್ಲ) ಹೋದವರು 40ರಲ್ಲಿ 26 ಮಂದಿ. ಪಕ್ಕದಲ್ಲಿ ಕೂತ ಇಬ್ಬರು ನಡುವೆಯೇ ‘ನಾವಿನ್ನು ಮುಂದುವರಿಸುವುದಿಲ್ಲ’ ಎಂದು ಎದ್ದುಬಿಟ್ಟಾಗ ಕೊನೆಯವರೆಗೆ ಹೋದವರು 40ರಲ್ಲಿ ಕೇವಲ 4. ಪ್ರಯೋಗದ ವಿಧಾನದ ಬಗ್ಗೆ ಆಕ್ಷೇಪಗಳಿವೆ, ಸೇನೆಯ ಬದುಕು ಪ್ರಯೋಗಶಾಲೆಯೂ ಅಲ್ಲ. ಆದರೂ ತುಕಡಿಯಲ್ಲಿ ಮೊದಲು ‘ಇದು ಆಗದು’ ಎನ್ನುವವನು ಒಬ್ಬ ಹವಾಲ್ದಾರನೋ ಕಿರಿಯ ಲೆಫ್ಟಿನೆಂಟನೋ ಆಗಿದ್ದರೆ ಉಳಿದವರ ಬಾಯಿಗೆ ಬಲ ಬರುತ್ತದೆ ಎಂಬ ಅನುಭವಕ್ಕೆ ಈ ಸಂಖ್ಯೆಗಳು ಹೊಂದುತ್ತವೆ.

ನಾಯಕನ ಹೊಣೆ ತಾನು ಕೊಟ್ಟ ಆದೇಶಕ್ಕೇ ಮುಗಿಯುವುದೂ ಇಲ್ಲ. 1998ರಲ್ಲಿ ಅಂಗೀಕೃತವಾಗಿ 2002ರ ಜುಲೈ 1ರಂದು ಜಾರಿಗೆ ಬಂದ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದ 33ನೆಯ ವಿಧಿ ಆದೇಶ ಪಾಲಿಸಿದವನನ್ನು ಕುರಿತದ್ದಾದರೆ, 28ನೆಯ ವಿಧಿ ಮೇಲಿನವನನ್ನು ಕುರಿತದ್ದು. ಮೊದಲನೆಯದರ ಪ್ರಕಾರ ನರಮೇಧ ಅಥವಾ ಮಾನವತೆಯ ವಿರುದ್ಧದ ಅಪರಾಧ ಎಸಗುವ ಆದೇಶವು ಯಾವಾಗಲೂ ಕಣ್ಣಿಗೆ ರಾಚುವಂತೆ ಅಕ್ರಮವೇ. ಎರಡನೆಯದರ ಪ್ರಕಾರ, ತನ್ನ ನಿಯಂತ್ರಣದ ಪಡೆ ಅಪರಾಧ ಎಸಗುತ್ತಿದೆ ಎಂದು ತಿಳಿದಿದ್ದೂ, ಅಥವಾ ಆ ಸನ್ನಿವೇಶದಲ್ಲಿ ತಿಳಿದಿರಬೇಕಾಗಿದ್ದೂ, ಅದನ್ನು ತಡೆಯದ, ಹತ್ತಿಕ್ಕದ, ತನಿಖೆಗೆ ಒಪ್ಪಿಸದ ಸೇನಾಧಿಕಾರಿ ತಾನೇ ಹೊಣೆಗಾರ. ಒಂದು ಮಾತನ್ನೂ ಆಡದೆ ತಪ್ಪಿತಸ್ಥನಾಗುವುದು ಸಾಧ್ಯ ಎಂದರ್ಥ.

ಇಷ್ಟಾಗಿಯೂ ಪರಿಕಲ್ಪನೆಯ ಮಿತಿಯೊಂದು ಈಚೆಗೆ ಹೆಚ್ಚು ಕಾಡುತ್ತಿದೆ. ಅಕ್ರಮವು ಕಣ್ಣಿಗೆ ರಾಚಬೇಕಾದರೆ ಕಣ್ಣೆದುರು ಏನಾದರೂ ಇರಬೇಕು. ದೂರದ ಕೋಣೆಯಲ್ಲಿ ಪರದೆಯ ಮುಂದೆ ಕೂತು ಡ್ರೋನ್ ನಡೆಸುವವನಿಗೆ, ಕಾಣದ ಗುರಿಯತ್ತ ಫಿರಂಗಿ ಹಾರಿಸುವವನಿಗೆ ತಲುಪುವುದು ಕೆಲವು ಅಂಕಿಗಳ ಸ್ಥಾನಸೂಚಿ ಮಾತ್ರ. ಅದರಲ್ಲಿ ಮದ್ದುಗುಂಡಿನ ಉಗ್ರಾಣವಿದೆಯೋ ಆಶ್ರಯ ಪಡೆದ ಸಂಸಾರಗಳಿವೆಯೋ ಎಂಬುದು ಅವನಿಗೆ ತೋರುವುದಿಲ್ಲ. ಅಂಥಲ್ಲಿ ಗುಂಡಿ ಒತ್ತುವವನ ಅಂತಃಸಾಕ್ಷಿಯನ್ನು ಕೊನೆಯ ತಡೆಗೋಡೆ ಎಂದು ನಂಬಿ ಕೂರುವುದು ಕೆಲಸಕ್ಕೆ ಬಾರದು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೋಕಾಲಿನ 57ನೆಯ ವಿಧಿ, ದಾಳಿಯನ್ನು ಯೋಜಿಸುವವರೂ ನಿರ್ಧರಿಸುವವರೂ ಗುರಿ ನಾಗರಿಕರದ್ದಲ್ಲವೆಂದು ಖಚಿತಪಡಿಸಿಕೊಳ್ಳಲು ಕೈಲಾದದ್ದನ್ನೆಲ್ಲ ಮಾಡಬೇಕೆಂದೂ, ಗುರಿ ನಾಗರಿಕರದ್ದೇ ಎಂದು ಸ್ಪಷ್ಟವಾದರೆ ದಾಳಿಯನ್ನು ಕೈಬಿಡಬೇಕು ಅಥವಾ ತಡೆಹಿಡಿಯಬೇಕೆಂದೂ ಹೇಳುತ್ತದೆ. 82ನೆಯ ವಿಧಿ ಕಮಾಂಡರುಗಳಿಗೆ ಸಲಹೆ ಕೊಡಲು ಕಾನೂನು ಸಲಹೆಗಾರರು ಲಭ್ಯವಿರಬೇಕೆನ್ನುತ್ತದೆ. ಮಾಹಿತಿ ಯಾರ ಕೈಯಲ್ಲಿದೆಯೋ ಅವರ ಮೇಜಿನ ಮೇಲೇ ಕಪ್ಪು ಬಾವುಟವೂ ಕಾಣಿಸಬೇಕಾಗಿದೆ, ಮತ್ತು ಆ ಮೇಜು ಸಾಮಾನ್ಯವಾಗಿ ಗುಂಡು ಹಾರುವ ಜಾಗದಿಂದ ಬಹಳ ದೂರದಲ್ಲಿರುತ್ತದೆ.