ಭಾರತ–ಜಪಾನ್ ಸಂಬಂಧ: ಅಣು ಒಪ್ಪಂದದ ಗಂಟು

ಕೋಲಾರದಲ್ಲಿ ಕೂತು ಕೆಎಎಸ್‌ಗೆ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ.

1952ರ ಶಾಂತಿ ಒಪ್ಪಂದ, 1958ರ ಮೊದಲ ಯೆನ್ ಸಾಲ ಎರಡೂ ಸಲೀಸು. ಪಾಲುದಾರಿಕೆ 2000ರಲ್ಲಿ ‘ಜಾಗತಿಕ’ ಆಯಿತು. 2006ರಲ್ಲಿ ‘ಕಾರ್ಯತಂತ್ರ’ ಸೇರಿತು, 2014ರಲ್ಲಿ ‘ವಿಶೇಷ’ ಸೇರಿತು.

ತಲೆ ಕೆಡಿಸುವುದು ಇಲ್ಲಿ. 1998ರ ಪೋಖ್ರಾನ್ ಪರೀಕ್ಷೆಗೆ ಸಿಟ್ಟಾಗಿ ಜಪಾನ್ ಹೊಸ ಸಾಲ ನಿಲ್ಲಿಸಿತು. 2001ರಲ್ಲಿ ನಿರ್ಬಂಧ ತೆಗೆಯಿತು. 2016ರಲ್ಲಿ ನಮ್ಮ ಜೊತೆ ನಾಗರಿಕ ಬಳಕೆಯ ಅಣು ಒಪ್ಪಂದಕ್ಕೇ ಸಹಿ ಹಾಕಿತು! ಭಾರತ ಇವತ್ತಿಗೂ ಅಣ್ವಸ್ತ್ರ ಹರಡದಂತೆ ತಡೆಯುವ ಒಪ್ಪಂದವಾದ ಎನ್‌ಪಿಟಿಗೆ ಸಹಿ ಹಾಕಿಲ್ಲ ಅಲ್ವಾ? ಹಾಗಾದರೆ ಹೇಗೆ? ‘ಚೀನಾ ಭಯ’ ಅಂತ ಸುಮ್ನೆ ಬರೆದರೆ ಅರ್ಧ ಉತ್ತರ.

ನಡುವಿನ ಮೆಟ್ಟಿಲು 2008. ಪರಮಾಣು ಸಾಮಗ್ರಿ ಮಾರುವ ದೇಶಗಳ ಗುಂಪು ಎನ್‌ಎಸ್‌ಜಿ. ಅಣ್ವಸ್ತ್ರ ದೇಶ ಎಂಬ ಮಾನ್ಯತೆ ಇಲ್ಲದ ದೇಶ ಕೊಳ್ಳಬೇಕಾದರೆ ತನ್ನ ಎಲ್ಲ ಸ್ಥಾವರಗಳನ್ನೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎ ತಪಾಸಣೆಗೆ ಒಪ್ಪಿಸಬೇಕು ಅನ್ನುವುದು ಅದರ ನಿಯಮ. ಭಾರತ ನಾಗರಿಕ ಬಳಕೆಯದ್ದು ಬೇರೆ, ಸೇನೆಯದ್ದು ಬೇರೆ ಅಂತ ವಿಂಗಡಿಸಿ, ನಾಗರಿಕ ಪಟ್ಟಿಯಲ್ಲಿ ಇಟ್ಟವುಗಳನ್ನು ಮಾತ್ರ ತಪಾಸಣೆಗೆ ಬಿಟ್ಟಿತು. ಸೆಪ್ಟೆಂಬರ್ 2008ರಲ್ಲಿ ಎನ್‌ಎಸ್‌ಜಿ ಇದಕ್ಕೆ ವಿನಾಯಿತಿ ಕೊಟ್ಟಿತು. ಗಮನಿಸಿ: ವಿನಾಯಿತಿ ಸಿಕ್ಕಿತು, ಸದಸ್ಯತ್ವ ಸಿಗಲಿಲ್ಲ. ಆ ಗುಂಪಿನಲ್ಲಿ ತೀರ್ಮಾನ ಆಗುವುದು ಒಮ್ಮತದಿಂದ. ಜಪಾನ್ ಕೂಡ ಸದಸ್ಯ. ಅಂದರೆ ಅದು ಆಗಲೇ ತಲೆಯಾಡಿಸಿತ್ತು.

ಮತ್ತೆ ಎಂಟು ವರ್ಷ ಯಾಕೆ? ಮಾತುಕತೆ ಶುರುವಾಗಿದ್ದು 2010. ಮರುವರ್ಷವೇ ಫುಕುಶಿಮಾ ದುರಂತ. ಹಿರೋಶಿಮಾ, ನಾಗಸಾಕಿಯ ನೋವಂತೂ ಇದ್ದೇ ಇತ್ತು. ಭಾರತ ಮತ್ತೆ ಪರೀಕ್ಷೆ ಮಾಡಿದರೆ ಹೊರಬರಲು ದಾರಿ ಬೇಕು ಅಂತ ಜಪಾನ್ ಪಟ್ಟು ಹಿಡಿಯಿತು. ಅದಕ್ಕೇ ಒಂದು ವರ್ಷದ ನೋಟಿಸ್ ಕೊಟ್ಟು ಒಪ್ಪಂದ ಮುಗಿಸುವ ಅವಕಾಶವಿದೆ. ಪರೀಕ್ಷೆ ಮಾಡುವುದಿಲ್ಲ ಅನ್ನುವ 2008ರ ಸೆಪ್ಟೆಂಬರ್ 5ರ ಭಾರತದ ಹೇಳಿಕೆಯನ್ನು ನೆನಪಿಸುವ ಪ್ರತ್ಯೇಕ ಟಿಪ್ಪಣಿಯೂ ಇದೆ. ಅದು ನಾವೇ ಹಾಕಿಕೊಂಡ ತಡೆ. ಇದನ್ನು ‘ಭಾರತ ನಿಷೇಧಕ್ಕೆ ಸಹಿ ಹಾಕಿತು’ ಅಂತ ಬರೆದರೆ ಅಂಕ ಹೋಯಿತು. ಒಪ್ಪಂದ ಜಾರಿಯಾಗಿದ್ದು ಜುಲೈ 2017.

ಅಮೆರಿಕಕ್ಕೂ ಇದು ಬೇಕಿತ್ತು. ನಮಗೆ ಸ್ಥಾವರ ಮಾರಬೇಕೆಂದಿದ್ದ ಅಮೆರಿಕದ ಕಂಪನಿ ವೆಸ್ಟಿಂಗ್‌ಹೌಸ್ ಆಗ ಜಪಾನಿನ ತೋಷಿಬಾ ಕೈಯಲ್ಲಿತ್ತು. ನನಗೆ ತುಂಬ ಇಷ್ಟವಾದ ಕೊಂಡಿ ಇದು. ಉತ್ತರದಲ್ಲಿ ಬಿಡಬೇಡಿ.

ರಕ್ಷಣೆ ಬೇಗ ಮುಗಿಸೋಣ. 2015ರಿಂದ ಮಲಬಾರ್ ನೌಕಾ ಸಮರಾಭ್ಯಾಸದಲ್ಲಿ ಜಪಾನ್ ಕಾಯಂ. 2019ರಲ್ಲಿ ಮೊದಲ 2+2 ಸಭೆ, ಅಂದರೆ ಎರಡೂ ದೇಶಗಳ ವಿದೇಶಾಂಗ, ರಕ್ಷಣಾ ಸಚಿವರ ಸಭೆ. 2020ರ ಸೇನಾ ಪೂರೈಕೆ ಒಪ್ಪಂದ ಬರೀ ಇಂಧನ, ಆಹಾರ, ಸಾಗಣೆಯಂಥ ನೆರವಿಗೆ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಯುದ್ಧಕ್ಕೆ ಬರಬೇಕು ಅಂತ ಅದರಲ್ಲಿಲ್ಲ.

ವ್ಯಾಪಾರಕ್ಕೆ 2011ರ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ ನೆನಪಿಡಿ. ಜಪಾನಿನ ಹೂಡಿಕೆಗೆ ಉದಾಹರಣೆ ಬೇಕಾದರೆ ನಮ್ಮ ನರಸಾಪುರದ ಹೋಂಡಾ ಕಾರ್ಖಾನೆ ಇದೆ, 2013ರದ್ದು. ಅದನ್ನು ಅಣು ಒಪ್ಪಂದದ ಉತ್ತರದೊಳಗೆ ಮಾತ್ರ ತುರುಕಬೇಡಿ.