ತಪ್ಪು ಸಾಲು ಕೂರಲಾಗದ ಟೇಬಲ್: ರಿಲೇಶನಲ್ ಡೇಟಾಬೇಸ್ ವಿನ್ಯಾಸದ ಟಿಪ್ಪಣಿ

ಒಂದು ಗ್ರಂಥಾಲಯದ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿದೆ ಎಂದುಕೊಳ್ಳಿ. ಒಂದೇ ಹಾಳೆ, ಏಳು ಕಾಲಂ: ಸದಸ್ಯ ಸಂಖ್ಯೆ, ಹೆಸರು, ಫೋನ್, ಪುಸ್ತಕ, ಲೇಖಕರು, ಒಯ್ದ ದಿನ, ಮರಳಿಸಿದ ದಿನ. ಇದನ್ನು ಹಾಗೇ ಟೇಬಲ್ ಮಾಡಿದರೆ ಮೂರು ಕಡೆ ಪೆಟ್ಟು ಬೀಳುತ್ತದೆ. ಒಬ್ಬ ಸದಸ್ಯರು 40 ಸಲ ಪುಸ್ತಕ ಒಯ್ದಿದ್ದರೆ ಅವರ ಫೋನ್ ಸಂಖ್ಯೆ 40 ಸಾಲುಗಳಲ್ಲಿರುತ್ತದೆ. 39ರಲ್ಲಿ ತಿದ್ದಿ ಒಂದನ್ನು ಮರೆತರೆ ನಿಜ ಯಾವುದೆಂದು ಹೇಳುವವರಿಲ್ಲ. ಹೊಸ ಸದಸ್ಯರು ಇನ್ನೂ ಪುಸ್ತಕ ಒಯ್ದಿಲ್ಲವೆಂದರೆ ಅವರನ್ನು ಬರೆದಿಡಲು ಸಾಲೇ ಇಲ್ಲ. ಒಮ್ಮೆ ಮಾತ್ರ ಹೊರಹೋದ ಪುಸ್ತಕದ ಆ ಒಂದು ಸಾಲನ್ನು ಅಳಿಸಿದರೆ ಪುಸ್ತಕ ಇತ್ತೆಂಬ ಸುಳಿವೂ ಅಳಿದುಹೋಗುತ್ತದೆ. ಮೂರಕ್ಕೂ ಬೇರು ಒಂದೇ: ಬೇರೆ ಬೇರೆ ಸಂಗತಿಗಳನ್ನು ಒಂದೇ ಸಾಲಿಗೆ ಕಟ್ಟಿಹಾಕಿದ್ದು.

ಗಣಕ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಶನಲ್ ಮಾದರಿಯಲ್ಲಿ (ಮಾಹಿತಿಯನ್ನು ಒಂದಕ್ಕೊಂದು ಕೊಂಡಿಯಿರುವ ಟೇಬಲುಗಳಲ್ಲಿ ಇಡುವ ವಿಧಾನ) ಇದಕ್ಕೆ ಮದ್ದು ನಾರ್ಮಲೈಸೇಶನ್, ಅಂದರೆ ಒಂದೊಂದು ಸಂಗತಿ ಒಂದೇ ಕಡೆ ಇರುವಂತೆ ಟೇಬಲ್ ಒಡೆಯುವುದು. ಪರೀಕ್ಷೆಗೆ ಒಂದು, ಎರಡು, ಮೂರನೆಯ ನಾರ್ಮಲ್ ಫಾರ್ಮುಗಳ, ಅಂದರೆ ಆ ಒಡೆಯುವಿಕೆಯ ಹಂತಗಳ, ವ್ಯಾಖ್ಯೆ ಬಾಯಿಪಾಠ ಮಾಡಬೇಕಾಗಬಹುದು. ಆದರೆ ಕೆಲಸಕ್ಕೆ ಬರುವುದು ಒಂದು ಪ್ರಶ್ನೆ: ಇದು ಗೊತ್ತಾದರೆ ಅದು ತಾನಾಗಿ ನಿಶ್ಚಯವಾಗುತ್ತದೆಯೇ? ಸದಸ್ಯ ಸಂಖ್ಯೆ ಗೊತ್ತಾದರೆ ಫೋನ್ ನಿಶ್ಚಯ. ಆದ್ದರಿಂದ ಫೋನ್ ಇರಬೇಕಾದ್ದು ಸದಸ್ಯರ ಟೇಬಲಿನಲ್ಲಿ, ಎರವಲಿನಲ್ಲಲ್ಲ. ಪ್ರತಿ ಕಾಲಂಗೂ ಈ ಪ್ರಶ್ನೆ ಕೇಳುತ್ತಾ ಹೋದರೆ ಮೂರನೆಯ ನಾರ್ಮಲ್ ಫಾರ್ಮ್ ಬಹುಮಟ್ಟಿಗೆ ತಾನೇ ಸಿಗುತ್ತದೆ.

ನಮ್ಮ ಹಾಳೆ ಹೀಗೆ ಆರು ಟೇಬಲ್ ಆಗುತ್ತದೆ: ಸದಸ್ಯ, ಪುಸ್ತಕ, ಪ್ರತಿ, ಲೇಖಕ, ಪುಸ್ತಕ-ಲೇಖಕ, ಎರವಲು. ಕಲಿಯುವವರು ಹೆಚ್ಚಾಗಿ ಎಡವುವುದು 'ಪ್ರತಿ'ಯ ಬಳಿ. ಪುಸ್ತಕ ಎನ್ನುವುದು ಕೃತಿ. ಸದಸ್ಯರು ಮನೆಗೆ ಒಯ್ಯುವುದು ಅದರ ಒಂದು ಪ್ರತಿಯನ್ನು. ಎರಡನ್ನೂ ಒಂದೇ ಟೇಬಲ್ ಮಾಡಿದರೆ ಒಂದೇ ಕೃತಿಯ ಐದು ಪ್ರತಿ ಕೊಂಡ ದಿನವೇ ವಿನ್ಯಾಸ ಕುಸಿಯುತ್ತದೆ. ಲೇಖಕರ ವಿಷಯವೂ ಹಾಗೆಯೇ. ಒಂದು ಪುಸ್ತಕಕ್ಕೆ ಹಲವು ಲೇಖಕರು, ಒಬ್ಬರದು ಹಲವು ಪುಸ್ತಕ. ಅಲ್ಪವಿರಾಮ ಹಾಕಿ ಒಂದೇ ಕಾಲಂಗೆ ತುರುಕಬೇಡಿ. 'ಲೇಖಕ 1', 'ಲೇಖಕ 2' ಎಂದು ಕಾಲಂ ಬೆಳೆಸಲೂ ಬೇಡಿ. ನಡುವಿನ ಟೇಬಲಿನಲ್ಲಿ ಪುಸ್ತಕದ ಐಡಿ, ಲೇಖಕರ ಐಡಿ ಎರಡೂ ಸೇರಿ ಪ್ರೈಮರಿ ಕೀ (ಸಾಲನ್ನು ಗುರುತಿಸುವ, ಮರುಕಳಿಸದ ಗುರುತು) ಆಗಲಿ. ಮುಖಪುಟದಲ್ಲಿ ಯಾರ ಹೆಸರು ಮೊದಲು ಎಂಬುದು ಬೇಕಿದ್ದರೆ 'ಕ್ರಮ' ಎಂಬ ಕಾಲಂ ಇರಬೇಕಾದ್ದೂ ಅಲ್ಲಿಯೇ.

ಒಂದು ಎಚ್ಚರಿಕೆ: ನಕಲಿನಂತೆ ಕಂಡದ್ದೆಲ್ಲ ನಕಲಲ್ಲ. ತಡವಾದ ದಿನಕ್ಕೆ ಇಷ್ಟು ದಂಡ ಎಂಬ ದರ ಮುಂದೆ ಬದಲಾಗಬಹುದು. ದಂಡ ವಿಧಿಸಿದ ಹೊತ್ತಿನ ದರವನ್ನು ಆ ಸಾಲಿನಲ್ಲೇ ಬರೆದಿಡಬೇಕು, ಇಲ್ಲವಾದರೆ ದರ ಬದಲಿಸಿದ ದಿನ ಹಳೆಯ ಲೆಕ್ಕವೆಲ್ಲ ಹಿಂದಿನಿಂದ ಬದಲಾಗುತ್ತದೆ. 'ಈಗಿನ ದರ', 'ಅಂದಿನ ದರ' ಎರಡು ಬೇರೆ ಸಂಗತಿಗಳು.

ನಿಯಮ ಕಾಯುವವರು ಯಾರು?

ಟೇಬಲ್ ಒಡೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಹಲವರು ಅಪ್ಲಿಕೇಶನ್ ಕೋಡಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ಇಂದು ಒಂದು ವೆಬ್ ಅಪ್ಲಿಕೇಶನ್, ನಾಳೆ ಒಂದು ಮೊಬೈಲ್ ಆ್ಯಪ್, ನಾಡಿದ್ದು ಯಾರೋ ಕೈಯಾರೆ ಓಡಿಸಿದ ಅಪ್‌ಡೇಟ್: ಎಲ್ಲರೂ ಹಾದುಹೋಗುವ ಬಾಗಿಲು ಡೇಟಾಬೇಸ್ ಒಂದೇ. ಕಾವಲು ಅಲ್ಲೇ ಇರಬೇಕು.

ನಮ್ಮಲ್ಲಿ ಬಹುಮುಖ್ಯ ನಿಯಮ ಇದು: ಒಂದು ಪ್ರತಿ ಒಂದು ಹೊತ್ತಿಗೆ ಒಬ್ಬರ ಬಳಿ ಮಾತ್ರ ಇರಬಹುದು. ಮರಳಿಸಿದ ದಿನ ನಲ್, ಅಂದರೆ ಖಾಲಿ, ಆಗಿದ್ದರೆ ಪ್ರತಿ ಹೊರಗಿದೆ ಎಂದರ್ಥ. ಪ್ರತಿ ಐಡಿ ಮತ್ತು ಮರಳಿಸಿದ ದಿನ ಎರಡರ ಮೇಲೂ ಸೇರಿಸಿ ಯುನೀಕ್ (ಒಂದೇ ಬೆಲೆ ಎರಡು ಸಲ ಬರಬಾರದೆಂಬ ನಿರ್ಬಂಧ) ಹಾಕಿದರೆ ಸಾಕಲ್ಲವೇ? ಸಾಲದು. ಯುನೀಕ್ ನಿರ್ಬಂಧದ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ನಲ್ ಇನ್ನೊಂದು ನಲ್‌ಗೆ ಸಮವಲ್ಲ; ಒಂದೇ ಪ್ರತಿಗೆ ಮರಳಿಸದ ಎರಡು ಸಾಲುಗಳು ತಡೆಯಿಲ್ಲದೆ ಒಳಬರುತ್ತವೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಗಳಲ್ಲಿ ಪಾರ್ಶಿಯಲ್ ಇಂಡೆಕ್ಸ್ (ಇಂಡೆಕ್ಸ್ ಎಂದರೆ ಬೇಗ ಹುಡುಕಲು ಇಡುವ ಸೂಚಿ; ಇದು ಕೆಲವು ಸಾಲುಗಳಿಗಷ್ಟೇ) ಬಳಸಿ: ಮರಳಿಸಿದ ದಿನ ನಲ್ ಇರುವ ಸಾಲುಗಳಿಗೆ ಮಾತ್ರ ಪ್ರತಿ ಐಡಿ ಯುನೀಕ್. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದರಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಒಂದು ಜನರೇಟೆಡ್ ಕಾಲಂ (ಬೇರೆ ಕಾಲಂಗಳಿಂದ ತಾನೇ ಲೆಕ್ಕವಾಗುವ ಕಾಲಂ) ಮಾಡಿ: ಮರಳಿಸದಿದ್ದರೆ ಪ್ರತಿ ಐಡಿ, ಮರಳಿಸಿದ್ದರೆ ನಲ್. ಯುನೀಕ್ ಅದರ ಮೇಲಿರಲಿ. ನಮ್ಮನ್ನು ಕಾಡಿದ ನಲ್ ಇಲ್ಲಿ ಕೂಲಿಯಿಲ್ಲದೆ ದುಡಿಯುತ್ತದೆ.

ನಲ್‌ನ ಇನ್ನೊಂದು ಕಾಟ ನಾಟ್ ಇನ್ (ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವ ಷರತ್ತು). 'ಎಂದೂ ಪುಸ್ತಕ ಒಯ್ಯದ ಸದಸ್ಯರು' ಬೇಕೆಂದು ಎರವಲಿನ ಸದಸ್ಯ ಐಡಿಗಳ ಮೇಲೆ ನಾಟ್ ಇನ್ ಬರೆದಿರಿ. ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಖಾಲಿ. ನಲ್‌ನೊಂದಿಗಿನ ಹೋಲಿಕೆ ಸರಿಯೂ ಅಲ್ಲ, ತಪ್ಪೂ ಅಲ್ಲ, 'ಗೊತ್ತಿಲ್ಲ'. ದೋಷಸೂಚನೆ ಬಾರದೆ ತಪ್ಪು ಉತ್ತರ ಬರುವುದರಿಂದ ಇದು ಅಪಾಯಕಾರಿ. ಬದಲಿಗೆ ನಾಟ್ ಎಕ್ಸಿಸ್ಟ್ಸ್ (ಹೊಂದುವ ಸಾಲು ಇಲ್ಲವೇ ಎಂದು ಕೇಳುವ ಷರತ್ತು) ಬಳಸಿ. ಖಾಲಿ ಇರಬಾರದ ಕಾಲಂಗೆ ನಾಟ್ ನಲ್ ಹಾಕಿ.

ಫಾರಿನ್ ಕೀ (ಒಂದು ಟೇಬಲಿನ ಸಾಲು ಇನ್ನೊಂದರ ಸಾಲನ್ನು ತೋರಿಸುವ ಕೊಂಡಿ) ಬಗ್ಗೆ ಮೂರು ಮಾತು. ಎಸ್‌ಕ್ಯೂಲೈಟ್‌ನಲ್ಲಿ ಅದರ ಪರಿಶೀಲನೆ ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ; ಪ್ರತಿ ಕನೆಕ್ಷನ್ನಿನಲ್ಲೂ ಪ್ರಾಗ್ಮಾ ಎಂಬ ಆದೇಶ ಕೊಟ್ಟು ಆನ್ ಮಾಡಬೇಕು. ಪೋಸ್ಟ್‌ಗ್ರೆಸ್ ಫಾರಿನ್ ಕೀ ಕಾಲಂಗೆ ತಾನಾಗಿ ಇಂಡೆಕ್ಸ್ ಮಾಡುವುದಿಲ್ಲ, ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ (ಅದರ ಸಂಗ್ರಹ ಎಂಜಿನ್) ಮಾಡುತ್ತದೆ. ಕ್ಯಾಸ್ಕೇಡ್ ಡಿಲೀಟ್ (ಮೂಲ ಸಾಲು ಅಳಿಸಿದರೆ ಅದಕ್ಕೆ ಕೊಂಡಿಯಾದ ಸಾಲುಗಳೂ ಅಳಿಯುವುದು) ಪುಸ್ತಕ-ಲೇಖಕ ಟೇಬಲಿಗೆ ಸರಿ. ಸದಸ್ಯ-ಎರವಲು ನಡುವೆ ಹಾಕಿದರೆ ಸದಸ್ಯರನ್ನು ತೆಗೆದ ಕ್ಷಣ ಅವರ ಇಡೀ ಇತಿಹಾಸವೂ ಹೋಗುತ್ತದೆ. ಅಲ್ಲಿ ಅಳಿಸಲು ಬಿಡದ ರಿಸ್ಟ್ರಿಕ್ಟ್ ಇರಲಿ.

ಡೇಟಾ ಟೈಪ್ ಬಗ್ಗೆ ಚುಟುಕಾಗಿ: ಹಣಕ್ಕೆ ಅಂದಾಜು ಬೆಲೆಯಿಡುವ ಫ್ಲೋಟ್ ಬೇಡ, ನಿಖರವಾದ ಡೆಸಿಮಲ್ ಬೇಕು. ಡೆಸಿಮಲ್ 10,2 ಎಂದರೆ ಒಟ್ಟು ಹತ್ತು ಅಂಕಿ, ಅದರಲ್ಲಿ ಎರಡು ಬಿಂದುವಿನ ನಂತರ; ಬಿಂದುವಿನ ಮುಂಚೆ ಹತ್ತಲ್ಲ, ಎಂಟು ಅಂಕಿ. ಫೋನ್ ಸಂಖ್ಯೆಯನ್ನು ಕೂಡಿಸಿ ಕಳೆಯುವವರಿಲ್ಲ, ಅದು ಪಠ್ಯ. ಕನ್ನಡ ಪಠ್ಯದ ಉದ್ದ ಲೆಕ್ಕ ಹಾಕುವಾಗ ಕಣ್ಣಿಗೆ ಕಾಣುವ ಅಕ್ಷರ ನಂಬಬೇಡಿ: 'ಸ್ತ್ರೀ' ನಮಗೆ ಒಂದು ಅಕ್ಷರ, ಯೂನಿಕೋಡಿಗೆ 6 ಸಂಕೇತ, ಯುಟಿಎಫ್-8 ಎಂಬ ಸಂಗ್ರಹ ರೂಪದಲ್ಲಿ 18 ಬೈಟ್.

ಇಂಡೆಕ್ಸ್

ನಿಘಂಟು ಮೊದಲ ಅಕ್ಷರದಿಂದ ಜೋಡಣೆಯಾಗಿರುತ್ತದೆ. 'ಕರ' ಎಂದು ಶುರುವಾಗುವ ಪದಗಳು ತಟ್ಟನೆ ಸಿಗುತ್ತವೆ. ಎರಡನೆಯ ಅಕ್ಷರ 'ರ' ಇರುವ ಪದಗಳೆಲ್ಲ ಬೇಕೆಂದರೆ ಪುಟವೆಲ್ಲ ಮಗುಚಬೇಕು. ಬಿ-ಟ್ರೀ ಇಂಡೆಕ್ಸ್ (ಬೆಲೆಗಳನ್ನು ಕ್ರಮವಾಗಿ ಜೋಡಿಸಿಡುವ ಬಗೆ) ಕೂಡ ಇಷ್ಟೇ. ಸದಸ್ಯ ಐಡಿ, ಒಯ್ದ ದಿನ ಈ ಕ್ರಮದಲ್ಲಿ ಮಾಡಿದ ಇಂಡೆಕ್ಸ್ 'ಈ ಸದಸ್ಯರ ಇತ್ತೀಚಿನ ಎರವಲುಗಳು' ಎಂಬ ಪ್ರಶ್ನೆಗೆ ಹೇಳಿ ಮಾಡಿಸಿದ್ದು. ದಿನಾಂಕವೊಂದನ್ನೇ ಕೇಳಿದರೆ ಬಹುತೇಕ ನಿರುಪಯೋಗಿ. ಒಯ್ದ ದಿನವನ್ನು ಇಯರ್ ಫಂಕ್ಷನ್ನಿಗೆ ಕೊಟ್ಟು 2024ಕ್ಕೆ ಹೋಲಿಸಿದರೂ ಆ ಕಾಲಂನ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ ಆ ವರ್ಷದ ಜನವರಿ 1ರಿಂದ, ಮುಂದಿನ ಜನವರಿ 1ಕ್ಕಿಂತ ಮುಂಚೆ ಎಂದು ವ್ಯಾಪ್ತಿ ಕೊಡಿ. ಪ್ರತಿ ಇಂಡೆಕ್ಸೂ ಪ್ರತಿ ಇನ್ಸರ್ಟಿಗೆ ಹೊರೆ, ಆದ್ದರಿಂದ ಊಹೆಯ ಮೇಲೆ ಹಾಕಬೇಡಿ, ಪ್ರಶ್ನೆ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಕೊಟ್ಟು ನೋಡಿ. ಹತ್ತು ಸಾಲಿನ ಟೇಬಲಿನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ಅಷ್ಟು ಚಿಕ್ಕದನ್ನು ಪ್ಲ್ಯಾನರ್ (ಹುಡುಕುವ ದಾರಿ ಆರಿಸುವ ಭಾಗ) ಇಂಡೆಕ್ಸ್ ಇದ್ದರೂ ಸಾಮಾನ್ಯವಾಗಿ ಪೂರ್ತಿ ಓದಿಬಿಡುತ್ತದೆ.

ಇಬ್ಬರು ಒಟ್ಟಿಗೆ ಬಂದಾಗ

ಪುಸ್ತಕದ ಟೇಬಲಿನಲ್ಲಿ 'ಲಭ್ಯ ಪ್ರತಿಗಳು: 3' ಎಂಬ ಕಾಲಂ ಇಟ್ಟಿದ್ದೀರಿ. ಎರಡು ಕೌಂಟರುಗಳಲ್ಲಿ ಇಬ್ಬರು ಸಿಬ್ಬಂದಿ ಒಂದೇ ಹೊತ್ತಿಗೆ 3 ಎಂದು ಓದಿ, ಇಬ್ಬರೂ 2 ಎಂದು ಬರೆದರು. ಎರಡು ಪ್ರತಿ ಹೋಗಿವೆ, ಲೆಕ್ಕದಲ್ಲಿ ಒಂದೇ ಇಳಿದಿದೆ. ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಪೂರ್ತಿ ರದ್ದಾಗುವ ಕೆಲಸಗಳ ಗುಂಪು) ಒಳಗೆ ಬರೆದರೂ ಇದು ತಪ್ಪುವುದಿಲ್ಲ, ಏಕೆಂದರೆ ಪೋಸ್ಟ್‌ಗ್ರೆಸ್‌ನ ಸಹಜ ಐಸೊಲೇಶನ್ ಮಟ್ಟ (ಒಟ್ಟಿಗೆ ನಡೆಯುವ ಟ್ರಾನ್ಸಾಕ್ಷನ್ನುಗಳನ್ನು ಎಷ್ಟು ಬೇರ್ಪಡಿಸಬೇಕೆಂಬ ಮಟ್ಟ) ರೀಡ್ ಕಮಿಟೆಡ್. ನೀವು ಓದಿದ್ದು ಬರೆಯುವ ಹೊತ್ತಿಗೆ ಹಳತಾಗಿರಬಹುದು. ಓದಿ, ಕೋಡಿನಲ್ಲಿ ಕಳೆದು, ಬರೆಯುವ ಬದಲು 'ಲಭ್ಯ ಸೊನ್ನೆಗಿಂತ ಹೆಚ್ಚಿದ್ದರೆ ಒಂದು ಕಳೆ' ಎಂದು ಒಂದೇ ಅಪ್‌ಡೇಟಿನಲ್ಲಿ ಹೇಳಿ, ಎಷ್ಟು ಸಾಲು ಬದಲಾಯಿತೆಂದು ನೋಡಿ. ಇಲ್ಲವೇ ಓದುವಾಗಲೇ ಫಾರ್ ಅಪ್‌ಡೇಟ್ ಹಾಕಿ ಸಾಲಿಗೆ ಬೀಗ ಜಡಿಯಿರಿ. ನಿಜ ಹೇಳಬೇಕೆಂದರೆ ಆ ಕಾಲಂ ಇರುವುದೇ ಬೇಡ. ಒಟ್ಟು ಪ್ರತಿಗಳಿಂದ ಎರವಲು ಟೇಬಲಿನ ಮರಳಿಸದ ಸಾಲುಗಳನ್ನು ಎಣಿಸಿ ಕಳೆದರೆ ಉತ್ತರ ಸಿಗುತ್ತದೆ.

ಹಲವು ಸಾಲುಗಳಿಗೆ ಬೀಗ ಹಾಕಬೇಕಾದಾಗ ಯಾವಾಗಲೂ ಐಡಿ ಏರಿಕೆಯ ಕ್ರಮದಲ್ಲೇ ಹಾಕಿ. ಒಬ್ಬರು 5, 9 ಎಂದೂ ಇನ್ನೊಬ್ಬರು 9, 5 ಎಂದೂ ಹೊರಟರೆ ಡೆಡ್‌ಲಾಕ್: ಒಬ್ಬರ ಬೀಗಕ್ಕೆ ಇನ್ನೊಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುತ್ತಾರೆ. ಡೇಟಾಬೇಸ್ ಇಬ್ಬರಲ್ಲೊಬ್ಬರ ಟ್ರಾನ್ಸಾಕ್ಷನ್ ರದ್ದು ಮಾಡುತ್ತದೆ. ಅದನ್ನು ಮತ್ತೆ ಓಡಿಸುವ ಹೊಣೆ ನಿಮ್ಮ ಕೋಡಿನದು.

ಬ್ಯಾಕಪ್ ತೆಗೆದಾಯಿತೇ ಎಂಬುದಕ್ಕಿಂತ ಅದನ್ನು ಮರಳಿ ಏರಿಸಿ ನೋಡಿದಿರಾ ಎಂಬುದು ಸರಿಯಾದ ಪ್ರಶ್ನೆ. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಎಂಬ ಬ್ಯಾಕಪ್ ಸಾಧನ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ; ಬಳಕೆದಾರರ ರೋಲುಗಳು, ಅಂದರೆ ಖಾತೆಗಳು, ಅದರಲ್ಲಿ ಬರುವುದಿಲ್ಲ. ಖಾಲಿ ಸರ್ವರಿನಲ್ಲಿ ಏರಿಸಿದಾಗ ಟೇಬಲುಗಳು ಬಂದರೂ ಮಾಲೀಕತ್ವ, ಅನುಮತಿಯ ಸಾಲುಗಳು ಒಂದೊಂದಾಗಿ ದೋಷ ತೋರಿಸುತ್ತವೆ. ರೋಲುಗಳನ್ನು ಪಿಜಿ-ಡಂಪ್‌ಆಲ್‌ನ ಗ್ಲೋಬಲ್ಸ್ ಆಯ್ಕೆಯಿಂದ ಪ್ರತ್ಯೇಕವಾಗಿ ತೆಗೆದಿಟ್ಟು, ಮೊದಲು ಅವನ್ನು, ಆಮೇಲೆ ಡೇಟಾಬೇಸನ್ನು ಏರಿಸಿ.