‘ನಿಫೇರಿಯಸ್’ ಬರೀ ‘ದುಷ್ಟ’ ಅಲ್ಲ

ಅನುವಾದದ ಹಸ್ತಪ್ರತಿಯೊಂದನ್ನು ತಿದ್ದುತ್ತಿದ್ದಾಗ ‘ಶತ್ರುಗಳ ದುಷ್ಟ ವಿನ್ಯಾಸಗಳು’ ಎಂಬ ಮಾತು ಎದುರಾಯಿತು. ಇಂಗ್ಲಿಷ್ ಮೂಲ ತೆಗೆದು ನೋಡಿದರೆ ಅಲ್ಲಿದ್ದದ್ದು ‘ನಿಫೇರಿಯಸ್ ಡಿಸೈನ್ಸ್’ (nefarious designs), ಅಂದರೆ ಕೆಟ್ಟ ಸಂಚುಗಳು. ಅನುವಾದಕರು ನಿಘಂಟು ನೋಡದೆ ಬರೆದವರಲ್ಲ. ಎರಡೂ ಪದಕ್ಕೆ ಅಲ್ಲಿ ಮೊದಲು ಸಿಕ್ಕ ಅರ್ಥವನ್ನು ಇಟ್ಟಿದ್ದರು, ಅಷ್ಟೆ. ನಾನು ಎರಡನ್ನೂ ಹೊಡೆದು ‘ಹುನ್ನಾರ’ ಎಂದು ಬರೆದೆ.

‘ನಿಫೇರಿಯಸ್’ ಪದದ ಬೇರು ಲ್ಯಾಟಿನ್ನಿನ ‘ನೆಫಾಸ್’. ‘ಫಾಸ್’ ಅಂದರೆ ದೇವರಿಗೆ ಸಮ್ಮತವಾದದ್ದು. ಮನುಷ್ಯರು ಮಾಡಿಕೊಂಡ ಕಾನೂನಿಗೆ ರೋಮನ್ನರಲ್ಲಿ ‘ಯೂಸ್’ ಎಂಬ ಬೇರೆಯೇ ಪದವಿತ್ತು. ಮುಂದೆ ಕೂತ ‘ನೆ’ ನಿಷೇಧವನ್ನು ಹೇಳುತ್ತದೆ. ಸಂಸ್ಕೃತದ ‘ನ’ ಅದರ ದಾಯಾದಿ. ಹಾಗಾಗಿ ‘ನೆಫಾಸ್’ಗೆ ಹತ್ತಿರದ ಪದ ‘ಕಾನೂನುಬಾಹಿರ’ ಅಲ್ಲ, ‘ಅಧರ್ಮ’. ರೋಮನ್ ಪಂಚಾಂಗದಲ್ಲಿ ಕೆಲವು ದಿನಗಳಿಗೆ ‘ಎನ್’ (N, ‘ನೆಫಾಸ್ಟಸ್’ ಪದದ ಮೊದಲ ಅಕ್ಷರ) ಎಂಬ ಗುರುತು ಇರುತ್ತಿತ್ತು. ಅಂದು ನ್ಯಾಯಾಧಿಕಾರಿ ವ್ಯಾಜ್ಯ ವಿಚಾರಿಸುವಂತಿರಲಿಲ್ಲ. ಅದೂ ಇದೇ ಬೇರಿನ ಮಾತು. ಇಂಗ್ಲಿಷಿಗೆ ‘ನಿಫೇರಿಯಸ್’ ಬಂದದ್ದು 1600ರ ಆಸುಪಾಸಿನಲ್ಲಿ. ಒತ್ತು ಬೀಳುವುದು ‘ಫೇ’ ಮೇಲೆ.

ಧರ್ಮದ ಅರ್ಥ ಈಗ ಮಾಸಿದೆ, ಉಳಿದಿರುವುದು ಸಂಚಿನ ವಾಸನೆ. ಸಿಟ್ಟಿನ ಭರದಲ್ಲಿ ಕೈ ಎತ್ತಿದವನ ತಪ್ಪಿಗೆ ಈ ಪದ ಒಗ್ಗುವುದಿಲ್ಲ. ನಂಬಿದ ಮುದುಕಿಯ ಖಾತೆಯಿಂದ ಕಳ್ಳಸಹಿ ಹಾಕಿ ತಿಂಗಳುಗಟ್ಟಲೆ ಹಣ ತೆಗೆದವನ ಕೆಲಸಕ್ಕೆ ಸರಿಯಾಗಿ ಒಗ್ಗುತ್ತದೆ. ಅದಕ್ಕೇ ಇದು ವ್ಯಕ್ತಿಗಿಂತ ಹೆಚ್ಚಾಗಿ ‘ಸ್ಕೀಮ್’, ‘ಪರ್ಪಸ್’, ‘ಆಕ್ಟಿವಿಟಿ’ಗಳ ಜೊತೆ ಬರುತ್ತದೆ. ‘ಹೇನಸ್’ (heinous) ಕೃತ್ಯದ ಘೋರತೆಯನ್ನು ಹೇಳುವ ಪದ. ‘ವಿಕೆಡ್’ ಅಂತೂ ಆಡುಮಾತಿನಲ್ಲಿ ‘ಭಲೇ’ ಎಂಬ ಅರ್ಥಕ್ಕೂ ತಿರುಗಿದೆ. ನಾನು ಹೆಚ್ಚು ಕಾಣುವ ತಪ್ಪು ‘ನಿಫೇರಿಯಸ್’ ಅನ್ನು ‘ಕುಖ್ಯಾತ’ ಎಂದು ಬರೆಯುವುದು. ಕುಖ್ಯಾತ ಅಂದರೆ ‘ನೊಟೋರಿಯಸ್’, ಊರಿಗೆಲ್ಲ ಗೊತ್ತಿರುವ ಕೆಡುಕು. ನಿಫೇರಿಯಸ್ ಕೆಲಸ ಯಾರ ಕಣ್ಣಿಗೂ ಬೀಳದೆ ನಡೆಯಬಹುದು.

ಕನ್ನಡದಲ್ಲಿ ಇದಕ್ಕೊಂದು ವಿಶೇಷಣ ಹುಡುಕಿ ಸುಸ್ತಾಗಬೇಕಿಲ್ಲ. ನಮ್ಮ ನಾಮಪದಗಳೇ ಕೆಡುಕನ್ನು ಹೊತ್ತಿವೆ: ಹುನ್ನಾರ, ಸಂಚು, ಮಸಲತ್ತು, ಪಿತೂರಿ, ಕುತಂತ್ರ. ಇವುಗಳಿಗೆ ‘ದುಷ್ಟ’ ಸೇರಿಸಿದರೆ ಮಾತು ಭಾರವಾಗುತ್ತದೆಯೇ ಹೊರತು ತೀಕ್ಷ್ಣವಾಗುವುದಿಲ್ಲ. ‘ಉದ್ದೇಶ’ದಂಥ ಸಾದಾ ಪದ ಬಂದಾಗ ‘ದುರುದ್ದೇಶ’ ಸಾಕು.

ಅದೇ ಹಸ್ತಪ್ರತಿಯಲ್ಲಿ ಮುಂದೆ ‘ನಿಫೇರಿಯಸ್ ಆಕ್ಟಿವಿಟೀಸ್’ ಬಂತು. ‘ದುಷ್ಕೃತ್ಯ’ ಎಂದು ಬರೆದು ಮುಂದಿನ ಸಾಲು ಓದಿದೆ. ಅಲ್ಲಿ ಹಣ ಕೈಬದಲಾದ ಲೆಕ್ಕವಿತ್ತು. ಹಿಂದಕ್ಕೆ ಬಂದು ‘ಕರಾಳ ದಂಧೆ’ ಎಂದು ತಿದ್ದಿದೆ.